‘ಫುಲ್’ ಅಂತ ಒಬ್ಬರೇ ತೀರ್ಮಾನಿಸಿದ್ರೆ ನೆಟ್ ‘ಸ್ಲೋ’: ಹೊಸ ನೆಟ್‌ವರ್ಕ್ ಕಾರ್ಡ್‌ಗೆ ಯಾವ ಡ್ಯುಪ್ಲೆಕ್ಸ್ ಇಡಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಚಿಕ್ಕಪ್ಪನದು ಒಂದು ಸಣ್ಣ ತಾಲ್ಲೂಕು ಊರಲ್ಲಿ ಜೆರಾಕ್ಸ್ ಅಂಗಡಿ. ಜೊತೆಗೆ ಎರಡು ಕಂಪ್ಯೂಟರ್ ಇಟ್ಕೊಂಡು ಆನ್‌ಲೈನ್ ಅರ್ಜಿ ತುಂಬಿಕೊಡ್ತಿದ್ರು. ಭರಣಿ ಮಳೆಯ ಒಂದು ಸಂಜೆ ಜೋರು ಸಿಡಿಲು ಬಡೀತು. ಕಂಪ್ಯೂಟರ್ ಉಳೀತು, ಅದರ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಯ್ತು. ‘ನೀನು ಕಂಪ್ಯೂಟರ್ ಓದ್ತಿದೀಯಲ್ಲ, ಬಂದು ನೋಡು’ ಅಂದ್ರು. ನಾನು ಹೊಸ ನೆಟ್‌ವರ್ಕ್ ಕಾರ್ಡ್ ತಂದು ಸ್ಲಾಟಿಗೆ ಹಾಕಿದೆ, ಡ್ರೈವರ್ ಇನ್‌ಸ್ಟಾಲ್ ಮಾಡಿದೆ, ನೆಟ್ ಬಂತು. ಅಷ್ಟಕ್ಕೆ ಬಿಟ್ಟಿದ್ರೆ ಈ ಕಥೆನೇ ಇರ್ತಿರಲಿಲ್ಲ.

ಆದ್ರೆ ಕೈ ಸುಮ್ನಿರಲಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋದೆ. ‘ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್’ ಅಂತ ಒಂದು ಸಾಲು ಕಾಣಿಸ್ತು. ಅದರಲ್ಲಿ ಆಯ್ಕೆಗಳ ಪಟ್ಟಿ: ಆಟೋ ನೆಗೋಷಿಯೇಷನ್, 10 ಹಾಫ್, 10 ಫುಲ್, 100 ಹಾಫ್, 100 ಫುಲ್. ನಾನು ಯೋಚಿಸಿದ್ದು ಇಷ್ಟೇ: ಅಂಗಡಿಯ ಪ್ಯಾಕ್ 100 ಎಂಬಿಪಿಎಸ್‌ದು, ಹಾಫ್‌ಗಿಂತ ಫುಲ್ ಒಳ್ಳೇದು, ‘ಆಟೋ’ ಅಂದ್ರೆ ಏನೂ ಗೊತ್ತಿಲ್ಲದೋರಿಗೆ ಇರೋದು. 100 ಫುಲ್ ಅಂತ ಆರಿಸಿ, ಓಕೆ ಒತ್ತಿ, ಚಿಕ್ಕಮ್ಮ ಕೊಟ್ಟ ಚಹಾ ಕುಡಿದು ಊರಿಗೆ ವಾಪಸ್ ಬಂದೆ.

ಆಮೇಲೆ ಮೂರು ವಾರ ಆ ಅಂಗಡಿಯಲ್ಲಿ ಒಂದು ವಿಚಿತ್ರ ನಡೀತು. ಗೂಗಲ್ ತೆರೆದುಕೊಳ್ತಿತ್ತು. ಅರ್ಜಿಯ ಪುಟ ಬರ್ತಿತ್ತು. ಹೆಸರು, ವಿಳಾಸ, ಎಲ್ಲ ತುಂಬಬಹುದಿತ್ತು. ಅಂಕಪಟ್ಟಿಯ ಪಿಡಿಎಫ್ ಅಪ್‌ಲೋಡ್ ಮಾಡೋಕೆ ಹೋದ್ರೆ ಮಾತ್ರ ಚಕ್ರ ತಿರುಗ್ತಾ ತಿರುಗ್ತಾ ನಿಂತುಬಿಡ್ತಿತ್ತು. ಚಿಕ್ಕಪ್ಪ ಇಂಟರ್‌ನೆಟ್‌ನೋರಿಗೆ ಬೈದ್ರು. ಕೇಬಲ್ ಬದಲಾಯಿಸಿದ್ರು. ಹೊಸ ರೂಟರ್ ತಂದ್ರು. ಏನೂ ಪ್ರಯೋಜನ ಆಗಲಿಲ್ಲ.

ಆಗ ಹಾಸ್ಟೆಲ್ ಅರ್ಜಿ ಹಾಕೋ ಸಮಯ. ಕೊನೆ ದಿನದ ರಾತ್ರಿ ಒಬ್ಬಳು ಹುಡುಗಿಯ ಅರ್ಜಿಯನ್ನು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಹೇಗೋ ಕಳಿಸಿದ್ರು. ಅವಳಿಗಿಂತ ಮುಂಚೆ ಬಂದಿದ್ದ ಒಬ್ಬ ಹುಡುಗ ಮಾತ್ರ ಎರಡು ಗಂಟೆ ಕಾದು, ಕೊನೇ ಬಸ್ ತಪ್ಪುತ್ತೆ ಅಂತ ಹೊರಟುಹೋಗಿದ್ದ. ಅವನ ಅರ್ಜಿ ಹೋಗಲೇ ಇಲ್ಲ. ಆ ವರ್ಷ ಪೂರ್ತಿ ಅವನು ದಿನಾ ಎರಡು ಬಸ್ ಬದಲಾಯಿಸಿ ಕಾಲೇಜಿಗೆ ಹೋದ. ಅದಕ್ಕೆ ಕಾರಣ ನಾನು ಜಾಣತನ ಅಂದ್ಕೊಂಡು ಆರಿಸಿದ ಒಂದು ಆಯ್ಕೆ.

ಫುಲ್ ಅಂತ ಹಾಕಿದ್ರೆ ನೆಟ್ ಯಾಕೆ ನಿಧಾನ ಆಗುತ್ತೆ? ಅದನ್ನೇ ಇವತ್ತು ಬಿಡಿಸಿ ನೋಡೋಣ.

ಡ್ಯುಪ್ಲೆಕ್ಸ್ ಅಂದ್ರೆ ಏನು?

ತುಂಬಾ ಸರಳ. ಇಬ್ಬರು ಮಾತಾಡ್ತಿದಾರೆ ಅಂದುಕೊಳ್ಳಿ. ಪೊಲೀಸರ ವಾಕಿ ಟಾಕಿ ನೋಡಿದೀರಲ್ಲ? ಒಬ್ಬರು ಗುಂಡಿ ಒತ್ತಿ ಮಾತಾಡ್ತಾರೆ, ಕೊನೆಗೆ ‘ಓವರ್’ ಅಂತಾರೆ, ಆಮೇಲೆ ಇನ್ನೊಬ್ಬರು ಶುರು ಮಾಡ್ತಾರೆ. ಇದು ಹಾಫ್ ಡ್ಯುಪ್ಲೆಕ್ಸ್. ಎರಡೂ ಕಡೆಯಿಂದ ಮಾತು ಹೋಗುತ್ತೆ, ಆದ್ರೆ ಒಂದು ಸಲಕ್ಕೆ ಒಂದೇ ಕಡೆಯಿಂದ. ಇನ್ನು ನೀವು ಅಮ್ಮನ ಜೊತೆ ಫೋನಲ್ಲಿ ಮಾತಾಡೋದು ನೆನಪಿಸಿಕೊಳ್ಳಿ. ಅವರು ಹೇಳ್ತಾ ಇರುವಾಗಲೇ ನೀವು ‘ಹೂಂ, ಹೂಂ, ಊಟ ಆಯ್ತು’ ಅಂತಿರ್ತೀರಿ. ಇಬ್ಬರ ದನಿಯೂ ಒಟ್ಟಿಗೇ ಹೋಗುತ್ತೆ. ಅದು ಫುಲ್ ಡ್ಯುಪ್ಲೆಕ್ಸ್.

ಕಂಪ್ಯೂಟರಿಂದ ಸ್ವಿಚ್‌ಗೋ ರೂಟರ್‌ಗೋ ಹೋಗೋ ಕೇಬಲ್‌ನಲ್ಲೂ ಇದೇ ಲೆಕ್ಕ. ಆ ಕೇಬಲ್ ಒಳಗೆ ಒಟ್ಟು 8 ತಂತಿ, ಅಂದ್ರೆ 4 ಜೋಡಿ ಇರುತ್ತವೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಎರಡೇ ಜೋಡಿ ಸಾಕು. ಒಂದು ಜೋಡಿಯಲ್ಲಿ ಕಳಿಸೋದು, ಇನ್ನೊಂದರಲ್ಲಿ ಪಡೆಯೋದು. ದಾರಿಗಳೇ ಬೇರೆ ಬೇರೆ ಇರುವಾಗ ಎರಡೂ ಕೆಲಸ ಒಟ್ಟಿಗೆ ನಡೀಬಹುದು. ಹಾಗಿದ್ದ ಮೇಲೆ ಹಾಫ್ ಅನ್ನೋ ಆಯ್ಕೆ ಯಾಕಿದೆ? ಇದಕ್ಕೆ ಸ್ವಲ್ಪ ಇತಿಹಾಸ ಬೇಕು.

ಜೆರಾಕ್ಸ್ ಕಂಪನಿಯಲ್ಲೇ ಹುಟ್ಟಿದ್ದು

ನಮ್ಮಲ್ಲಿ ಜೆರಾಕ್ಸ್ ಅಂದ್ರೆ ನಕಲು ಪ್ರತಿ. ಆದ್ರೆ ನಾವೆಲ್ಲ ಬಳಸೋ ಇಥರ್‌ನೆಟ್ ಕೂಡ ಅದೇ ಜೆರಾಕ್ಸ್ ಕಂಪನಿಯ ಕೂಸು. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ಕಟ್ಟಿದರು. ಅವರಿಗೆ ಪ್ರೇರಣೆ ಆಗಿದ್ದು ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್, ಅಂದ್ರೆ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್‌ಗಳನ್ನು ಬೆಸೆದಿದ್ದ ಜಾಲ.

ಆಗಿನ ಇಥರ್‌ನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿ ಒಂದೇ ದಪ್ಪ ಕೇಬಲ್. ಒಂದೇ ಬಾವಿಗೆ ಇಡೀ ಊರು ಬಂದ ಹಾಗೆ. ಅದಕ್ಕೇ ಒಂದು ಶಿಸ್ತು ಬೇಕಾಯ್ತು. ಮೊದಲು ಕಿವಿಗೊಟ್ಟು ಕೇಳು, ಯಾರೂ ಮಾತಾಡ್ತಿಲ್ಲ ಅಂದ್ರೆ ನೀನು ಮಾತಾಡು. ಇಬ್ಬರೂ ಒಂದೇ ಕ್ಷಣಕ್ಕೆ ಶುರು ಮಾಡಿ ಡಿಕ್ಕಿ ಆದ್ರೆ ಇಬ್ಬರೂ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಅಂದಾಜಿನ ಹೊತ್ತು ಕಾದು, ಮತ್ತೆ ಪ್ರಯತ್ನ ಮಾಡಿ. ಒಂದು ತುಣುಕನ್ನು ಕಳಿಸೋಕೆ 16 ಸಲ ಪ್ರಯತ್ನಿಸಿ ಆಗದಿದ್ರೆ ಕಾರ್ಡ್ ಅದನ್ನು ಕೈಬಿಡುತ್ತೆ. ಇದೇ ಹಾಫ್ ಡ್ಯುಪ್ಲೆಕ್ಸ್‌ನ ಶಿಸ್ತು. ಆಗ ಅದು ದೋಷ ಅಲ್ಲ, ಒಳ್ಳೆ ನಡತೆ.

ಮುಂದೆ ಸ್ವಿಚ್ ಬಂತು. 1990ರಲ್ಲಿ ಮೊದಲ ಇಥರ್‌ನೆಟ್ ಸ್ವಿಚ್ ಮಾರುಕಟ್ಟೆಗೆ ತಂದ ಕಂಪನಿಯ ಹೆಸರು ‘ಕಲ್ಪನಾ’! ನಮ್ಮ ಮಿನುಗುತಾರೆ ಕಲ್ಪನಾ ಅಲ್ಲ ಬಿಡಿ. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸೇರಿ ಸಿಲಿಕಾನ್ ವ್ಯಾಲಿಯಲ್ಲಿ ಕಟ್ಟಿದ ಕಂಪನಿ ಅದು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಸ್ವಿಚ್ ಬಂದ ಮೇಲೆ ಪ್ರತಿ ಕಂಪ್ಯೂಟರ್‌ಗೂ ಸ್ವಂತ ನಲ್ಲಿ ಸಿಕ್ಕ ಹಾಗಾಯ್ತು. ಒಂದು ಕೇಬಲ್‌ನ ಎರಡು ತುದಿಯಲ್ಲಿ ಇಬ್ಬರೇ ಇರುವಾಗ ಬೇರೆಯವರ ಜೊತೆ ಡಿಕ್ಕಿ ಆಗೋ ಮಾತೇ ಇಲ್ಲ. ಕಾಯೋ ಅಗತ್ಯವೂ ಇಲ್ಲ. 1997ರಲ್ಲಿ ಫುಲ್ ಡ್ಯುಪ್ಲೆಕ್ಸ್ ಅಧಿಕೃತವಾಗಿ ಇಥರ್‌ನೆಟ್ ಮಾನದಂಡದ ಭಾಗವಾಯಿತು.

ಅಲ್ಲಿಗೆ ಜಗತ್ತಿನಲ್ಲಿ ಎರಡು ಬಗೆಯ ಸಾಧನಗಳಾದವು. ಕೆಲವಕ್ಕೆ ಹಾಫ್ ಮಾತ್ರ ಗೊತ್ತು, ಕೆಲವಕ್ಕೆ ಎರಡೂ ಗೊತ್ತು. ಒಂದು ಕೇಬಲ್ ಚುಚ್ಚಿದ ಕೂಡಲೇ ‘ನಾವಿಬ್ಬರು ಹೇಗೆ ಮಾತಾಡೋಣ?’ ಅಂತ ತೀರ್ಮಾನ ಆಗಬೇಕಲ್ಲ? ಅದಕ್ಕೆ ಬಂದಿದ್ದೇ ಆಟೋ ನೆಗೋಷಿಯೇಷನ್.

‘ಆಟೋ’ ಸೋಮಾರಿ ಆಯ್ಕೆ ಅಲ್ಲ

1995ರಲ್ಲಿ 100 ಎಂಬಿಪಿಎಸ್‌ನ ಫಾಸ್ಟ್ ಇಥರ್‌ನೆಟ್ ಮಾನದಂಡದ ಜೊತೆಗೇ ಆಟೋ ನೆಗೋಷಿಯೇಷನ್ ಬಂತು. ಕೇಬಲ್ ಚುಚ್ಚಿದ ತಕ್ಷಣ ಎರಡೂ ತುದಿಗಳು ಪುಟ್ಟ ಪುಟ್ಟ ಮಿಡಿತಗಳನ್ನು ಕಳಿಸಿ ಪರಿಚಯ ಮಾಡ್ಕೊಳ್ತವೆ. ‘ನನಗೆ 10, 100, 1000 ಎಲ್ಲ ಬರುತ್ತೆ, ಹಾಫೂ ಸರಿ, ಫುಲ್ಲೂ ಸರಿ’ ಅನ್ನುತ್ತೆ ಒಂದು. ‘ನನಗೆ 100ರವರೆಗೆ ಬರುತ್ತೆ’ ಅನ್ನುತ್ತೆ ಇನ್ನೊಂದು. ಇಬ್ಬರಿಗೂ ಬರೋದರಲ್ಲಿ ಅತಿ ಒಳ್ಳೇದು ಯಾವುದೋ ಅದು ಗಟ್ಟಿ. ನಾವು ರೆಪ್ಪೆ ಮಿಟುಕಿಸಿ ನೋಡೋದರೊಳಗೆ ಮಾತುಕತೆ ಮುಗಿದು ಲೈಟ್ ಹತ್ತಿರುತ್ತೆ.

ಈಗ ನಾನು ಮಾಡಿದ್ದು ನೋಡಿ. ನನ್ನ ಕಾರ್ಡ್‌ಗೆ ‘100 ಫುಲ್’ ಅಂತ ಕಟ್ಟುಹಾಕಿದೆ. ಹಾಗೆ ಮಾಡಿದ ಕೂಡಲೇ ಆ ಕಾರ್ಡ್ ಪರಿಚಯ ಹೇಳೋದನ್ನೇ ನಿಲ್ಲಿಸಿಬಿಡ್ತು. ಆ ಕಡೆ ಸ್ವಿಚ್ ಆಟೋದಲ್ಲೇ ಇತ್ತು. ಅದು ‘ನೀನು ಯಾರು, ನಿನಗೆ ಏನೇನು ಬರುತ್ತೆ?’ ಅಂತ ಕೇಳ್ತು. ಉತ್ತರ ಬರಲಿಲ್ಲ. ಬರ್ತಿದ್ದ ಸಿಗ್ನಲ್ ನೋಡಿ ‘ಇದು 100ರ ವೇಗ’ ಅಂತ ಕಂಡುಹಿಡೀತು. ವೇಗವನ್ನು ಸಿಗ್ನಲ್ ನೋಡಿ ಹೇಳಬಹುದು. ಆದ್ರೆ ಎದುರಿನವನು ಹಾಫಾ ಫುಲ್ಲಾ ಅಂತ ಸಿಗ್ನಲ್ ನೋಡಿ ಗೊತ್ತಾಗಲ್ಲ. ಇಂಥ ಹೊತ್ತಲ್ಲಿ ಏನು ಮಾಡ್ಬೇಕು ಅಂತ ಮಾನದಂಡ ಸ್ಪಷ್ಟವಾಗಿ ಹೇಳುತ್ತೆ: ಹಾಫ್ ಅಂದ್ಕೊಳ್ಳಿ. ಯಾಕಂದ್ರೆ ಮಾತಾಡೋಕೇ ಬರದ ಹಳೇ ಸಾಧನ ಬಹುಶಃ ಹಾಫ್ ಇರುತ್ತೆ.

ಫಲಿತಾಂಶ? ನನ್ನ ಕಂಪ್ಯೂಟರ್ ಫುಲ್, ಸ್ವಿಚ್ ಹಾಫ್. ಇದಕ್ಕೆ ಡ್ಯುಪ್ಲೆಕ್ಸ್ ಮಿಸ್‌ಮ್ಯಾಚ್ ಅಂತಾರೆ.

ಸೇತುವೆ ಒಂದೇ, ನಂಬಿಕೆ ಎರಡು

ಹಳ್ಳಿ ದಾರಿಯಲ್ಲಿ ಒಂದು ಸೇತುವೆ ಇದೆ ಅಂದುಕೊಳ್ಳಿ. ಈ ಕಡೆಯಿಂದ ಬರೋ ಚಾಲಕರೆಲ್ಲ ಇದು ಜೋಡಿ ರಸ್ತೆ ಅಂತ ನಂಬಿದ್ದಾರೆ, ಎದುರು ನೋಡದೇ ನುಗ್ತಾರೆ. ಆ ಕಡೆಯವರು ಇದು ಒಂಟಿ ದಾರಿ ಅಂತ ನಂಬಿದ್ದಾರೆ. ಅವರು ಖಾಲಿ ಇದ್ಯಾ ನೋಡಿ ಹೊರಡ್ತಾರೆ. ಅರ್ಧ ದಾರಿಯಲ್ಲಿ ಎದುರು ಗಾಡಿ ಕಂಡ ಕೂಡಲೇ ‘ಅಯ್ಯೋ ಡಿಕ್ಕಿ’ ಅಂತ ತಮ್ಮ ಪ್ರಯಾಣ ರದ್ದು ಮಾಡ್ತಾರೆ. ಅಷ್ಟೇ ಅಲ್ಲ, ಎದುರು ಬಂದ ಗಾಡಿಯ ಸರಕನ್ನೂ ‘ಇದು ಅಪಘಾತದ ಮಾಲು’ ಅಂತ ತೆಗೆದುಕೊಳ್ಳಲ್ಲ.

ರಾತ್ರಿ ಹತ್ತು ಗಂಟೆಗೆ ಒಂದೋ ಎರಡೋ ಗಾಡಿ ಓಡಾಡುವಾಗ ಏನೂ ತೊಂದ್ರೆ ಆಗಲ್ಲ. ಎದುರು ಬದುರು ಸಿಗೋದೇ ಇಲ್ಲವಲ್ಲ. ಜಾತ್ರೆ ದಿನ ನೋಡಿ, ಪೂರ್ತಿ ಜಾಮ್.

ಡ್ಯುಪ್ಲೆಕ್ಸ್ ಮಿಸ್‌ಮ್ಯಾಚ್‌ನ ಕುತಂತ್ರ ಇರೋದೇ ಇಲ್ಲಿ. ಸಂಪರ್ಕ ಕಡಿಯಲ್ಲ, ಲೈಟ್ ಹಸಿರಾಗೇ ಇರುತ್ತೆ. ಪಿಂಗ್ ಮಾಡಿದ್ರೆ ಉತ್ತರ ಬರುತ್ತೆ, ಯಾಕಂದ್ರೆ ಪಿಂಗ್ ಅಂದ್ರೆ ಒಂದು ಪುಟ್ಟ ಗಾಡಿ ಹೋಗಿ, ಅದು ತಲುಪಿದ ಮೇಲೆ ಇನ್ನೊಂದು ವಾಪಸ್ ಬರೋದು. ದೊಡ್ಡ ಫೈಲ್ ಕಳಿಸುವಾಗ ಹಾಗಲ್ಲ. ಈ ಕಡೆಯಿಂದ ಸಾಲು ಸಾಲು ತುಣುಕುಗಳು ಹೋಗ್ತಿರುವಾಗಲೇ ಆ ಕಡೆಯಿಂದ ‘ಸಿಕ್ಕಿತು, ಸಿಕ್ಕಿತು’ ಅನ್ನೋ ರಸೀದಿಗಳು ಬರ್ತಿರ್ತವೆ. ಎರಡೂ ಒಟ್ಟಿಗೆ ನಡೆಯೋದ್ರಿಂದ ಡಿಕ್ಕಿ ಮೇಲೆ ಡಿಕ್ಕಿ.

ಇನ್ನೂ ಒಂದು ಪೆಟ್ಟಿದೆ. ಹಾಫ್ ಶಿಸ್ತಿನ ಪ್ರಕಾರ ಒಂದು ತುಣುಕಿನ ಮೊದಲ 64 ಬೈಟ್ ಸುರಕ್ಷಿತವಾಗಿ ಹೋಯ್ತು ಅಂದ್ರೆ ಮುಂದೆ ಡಿಕ್ಕಿ ಆಗೋ ಹಾಗಿಲ್ಲ. ಅಷ್ಟರಲ್ಲಿ ಎಲ್ಲರಿಗೂ ದಾರಿ ಬ್ಯುಸಿ ಅಂತ ಗೊತ್ತಾಗಿರುತ್ತೆ. ಆದ್ರೆ ಎದುರಿನವನು ನೋಡೋದೇ ಇಲ್ಲವಲ್ಲ, ತಡವಾಗಿಯೂ ಡಿಕ್ಕಿ ಆಗುತ್ತೆ. ಇದಕ್ಕೆ ‘ಲೇಟ್ ಕೊಲಿಶನ್’ ಅಂತ ಹೆಸರು. ಇಂಥ ಡಿಕ್ಕಿ ಆದ ತುಣುಕನ್ನು ಸಾಮಾನ್ಯವಾಗಿ ಸಾಧನ ಮತ್ತೆ ಕಳಿಸಲ್ಲ. ಅದು ಕಳೆದುಹೋಯ್ತು ಅಂತ ಮೇಲಿನ ಹಂತದ ಟಿಸಿಪಿಗೆ ಗೊತ್ತಾಗೋದು ನಿಧಾನವಾಗಿ. ಟಿಸಿಪಿ ಪಾಪ, ‘ಎಲ್ಲೋ ದಟ್ಟಣೆ ಆಗಿದೆ, ನಾನೇ ನಿಧಾನ ಮಾಡ್ತೀನಿ’ ಅಂದ್ಕೊಂಡು ವೇಗ ಇಳಿಸುತ್ತೆ. ಮತ್ತೆ ನಷ್ಟ, ಮತ್ತೆ ಇಳಿಕೆ. 100ರ ಸಂಪರ್ಕ ಆಮೆಯಾಗೋದು ಹೀಗೆ.

ಈಗ ಗೊತ್ತಾಯ್ತಲ್ಲ? ಅರ್ಜಿಯ ಪುಟ ಬರ್ತಿತ್ತು, ಪಿಡಿಎಫ್ ಹೋಗ್ತಿರಲಿಲ್ಲ. ಪುಟ ಪುಟ್ಟದು, ಪಿಡಿಎಫ್ ಜಾತ್ರೆ.

ನಮಗೆ ಸಮಸ್ಯೆ ಸಿಕ್ಕಿದ್ದು ಕೊನೆಗೂ ಹೇಗೆ ಅಂದ್ರೆ, ನಾನು ಊರಿಗೆ ಹೋದಾಗ ಅದೇ ಕೇಬಲನ್ನು ನನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಫೈಲ್ ಕ್ಷಣದಲ್ಲಿ ಹೋಯ್ತು. ಅಂದ್ರೆ ತಪ್ಪು ಇಂಟರ್‌ನೆಟ್‌ನೋರದ್ದೂ ಅಲ್ಲ, ಕೇಬಲ್‌ದೂ ಅಲ್ಲ. ಆ ಕಂಪ್ಯೂಟರ್‌ನ ಸೆಟ್ಟಿಂಗ್ ತೆರೆದು ನೋಡಿದೆ. ನಾನೇ ಹಾಕಿದ್ದ ‘100 ಫುಲ್’ ನನ್ನನ್ನೇ ನೋಡ್ತಾ ಇತ್ತು. ಆಟೋ ಮಾಡಿದೆ. ಹತ್ತು ಸೆಕೆಂಡಿನ ಕೆಲಸ.

ಹಾಗಾದ್ರೆ ನೀವು ಏನು ಮಾಡ್ಬೇಕು?

ಹೊಸ ಕಾರ್ಡ್ ಹಾಕಿದ್ರೆ, ಅಥವಾ ಹೊಸ ಪಿಸಿ ಕಟ್ಟಿದ್ರೆ, ಮೊದಲ ನಿಯಮ: ಆಟೋ ನೆಗೋಷಿಯೇಷನ್ ಇದ್ದ ಹಾಗೇ ಇರಲಿ. ಎರಡೂ ತುದಿಯಲ್ಲಿ.

ವಿಂಡೋಸ್‌ನಲ್ಲಿ ನೋಡೋದು ಹೀಗೆ. ಸ್ಟಾರ್ಟ್ ಗುಂಡಿ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ಕಾರ್ಡ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ‘ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್’ ಹುಡುಕಿ. ಅಲ್ಲಿ ಆಟೋ ನೆಗೋಷಿಯೇಷನ್ ಇದ್ರೆ ಮುಟ್ಟದೇ ಹೊರಗೆ ಬನ್ನಿ. ಲಿನಕ್ಸ್ ಬಳಸೋರು ಟರ್ಮಿನಲ್‌ನಲ್ಲಿ ಇಥ್‌ಟೂಲ್ ಅನ್ನೋ ಕಮಾಂಡ್‌ಗೆ ನಿಮ್ಮ ಇಂಟರ್‌ಫೇಸ್ ಹೆಸರು ಕೊಡಿ. ವೇಗ, ಡ್ಯುಪ್ಲೆಕ್ಸ್, ಆಟೋ ಇದೆಯೋ ಇಲ್ಲವೋ, ಮೂರೂ ಸಾಲಾಗಿ ಕಾಣಿಸ್ತವೆ.

ಎರಡನೇದು, ಫಲಿತಾಂಶವನ್ನು ಓದೋದು ಕಲೀರಿ. ಆಟೋ ಇಟ್ಟ ಮೇಲೆ ಮೂರು ಬಗೆ ಆಗಬಹುದು.

ಒಂದು, 1000 ಫುಲ್ ಅಂತ ಬಂತು. ಎಲ್ಲ ಸರಿ ಇದೆ, ಹೋಗಿ ಗೇಮ್ ಆಡಿ.

ಎರಡು, ಕಾರ್ಡೂ ರೂಟರೂ ಗಿಗಾಬಿಟ್ ಇದ್ರೂ 100 ಫುಲ್ ಅಂತ ಬಂತು. ಆಗ ಡ್ಯುಪ್ಲೆಕ್ಸ್ ಸೆಟ್ಟಿಂಗ್ ಜೊತೆ ಜಗಳ ಆಡಬೇಡಿ, ಕೇಬಲ್ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. ಒಂದು ತಂತಿ ಸರಿಯಾಗಿ ಕ್ರಿಂಪ್ ಆಗಿಲ್ಲ ಅಂದ್ರೂ, ಕೇಬಲ್ ಹಾಕಿದೋರು ನಾಲ್ಕೇ ತಂತಿ ಜೋಡಿಸಿ ಹೋಗಿದ್ರೂ 100ಕ್ಕೆ ಇಳಿಯುತ್ತೆ. ಕೆಲವು ಫೈಬರ್ ಮೋಡೆಮ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100 ಇರುತ್ತವೆ. ಪೋರ್ಟ್ ಬದಲಾಯಿಸಿ ನೋಡಿ.

ಮೂರು, ಹಾಫ್ ಅಂತ ಬಂತು. ಇದು ಎಚ್ಚರಿಕೆ ಗಂಟೆ. ಆ ಕಡೆ ಯಾರೋ ನನ್ನ ಹಾಗೇ ಕಟ್ಟುಹಾಕಿದ್ದಾರೆ, ಇಲ್ಲವೇ ತುಂಬಾ ಹಳೇ ಹಬ್ ಇದೆ ಅಂತ ಅರ್ಥ. ಸರಿ ಮಾಡಬೇಕಾದದ್ದು ಆ ತುದಿಯನ್ನು.

ಹಾಗಾದ್ರೆ ಕೈಯಾರೆ ಫುಲ್ ಹಾಕೋ ಸಂದರ್ಭ ಇಲ್ಲವೇ ಇಲ್ವಾ? ಇದೆ. ಆ ತುದಿಯ ಸಾಧನಕ್ಕೆ ಆಟೋ ಬರೋದೇ ಇಲ್ಲ, 100 ಫುಲ್ ಅಂತ ಕಂಪನಿಯೇ ಕಟ್ಟಿಟ್ಟಿದೆ ಅಂದ್ರೆ ಈ ಕಡೆಯೂ 100 ಫುಲ್ ಅಂತಲೇ ಕಟ್ಟಬೇಕು. ಕೆಲವು ಹಳೇ ಮೀಡಿಯಾ ಕನ್ವರ್ಟರ್‌ಗಳು, ಕಾರ್ಖಾನೆಯ ಯಂತ್ರಗಳು ಹೀಗಿರ್ತವೆ. ಎರಡೂ ಕಡೆ ಆಟೋ, ಅಥವಾ ಎರಡೂ ಕಡೆ ಒಂದೇ ಕಟ್ಟು. ಒಂದು ಕಡೆ ಆಟೋ, ಇನ್ನೊಂದು ಕಡೆ ಕಟ್ಟು ಬೇಡವೇ ಬೇಡ.

ಒಂದು ಸಣ್ಣ ಸೂಕ್ಷ್ಮ: ಇತ್ತೀಚಿನ ಕೆಲವು ಕಾರ್ಡ್‌ಗಳಲ್ಲಿ ನೀವು 100 ಫುಲ್ ಆರಿಸಿದ್ರೂ ಅವು ಮಾತುಕತೆ ನಿಲ್ಲಿಸಲ್ಲ. ‘ನನಗೆ 100 ಫುಲ್ ಒಂದೇ ಬರುತ್ತೆ’ ಅಂತ ಪರಿಚಯ ಹೇಳ್ತವೆ. ಅಂಥವುಗಳಲ್ಲಿ ಮಿಸ್‌ಮ್ಯಾಚ್ ಆಗಲ್ಲ. ಆದ್ರೆ ನಿಮ್ಮ ಕಾರ್ಡ್ ಯಾವ ಜಾತಿ ಅಂತ ಹೊರಗಿಂದ ಗೊತ್ತಾಗಲ್ಲ. ಇನ್ನು ತಾಮ್ರದ ಕೇಬಲ್ ಮೇಲಿನ ಗಿಗಾಬಿಟ್‌ಗಂತೂ 1999ರ ಮಾನದಂಡವೇ ಆಟೋ ನೆಗೋಷಿಯೇಷನ್ ಕಡ್ಡಾಯ ಅನ್ನುತ್ತೆ.

‘ಆಫೀಸಿನ ಸೀನಿಯರ್ ಯಾವಾಗ್ಲೂ ಫುಲ್ ಕಟ್ಟಿಬಿಡಿ ಅಂತಾರಲ್ಲ?’ ಅಂತ ನೀವು ಕೇಳಬಹುದು. ಅವರದ್ದು ಸುಳ್ಳಲ್ಲ, ಹಳೇ ಅನುಭವ. 1990ರ ದಶಕದಲ್ಲಿ ಆಟೋ ಹೊಸದು. ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದಕ್ಕೊಂದು ಅರ್ಥವಾಗದೇ ಒದ್ದಾಡ್ತಿದ್ದವು. ಆಗ ಎರಡೂ ಕಡೆ ಕಟ್ಟೋದೇ ಜಾಣತನ ಆಗಿತ್ತು. ಆ ಗಾಯ ಮಾಯ್ದಿದೆ, ಬ್ಯಾಂಡೇಜ್ ಮಾತ್ರ ಇನ್ನೂ ಉಳಿದಿದೆ.

ನಿಮ್ಮ ಕೈಲಿರೋ ಫೋನ್ ಕಥೆ

ಇದನ್ನು ನೀವು ಫೋನಲ್ಲೇ ಕೇಳ್ತಿದೀರಿ. ವೈಫೈ ಮೇಲಿದ್ರೆ ನಿಮ್ಮ ಫೋನ್ ಈಗ ಹಾಫ್ ಡ್ಯುಪ್ಲೆಕ್ಸ್‌ನಲ್ಲಿದೆ! ವೈಫೈಯಲ್ಲಿ ಒಂದು ಚಾನೆಲ್ ಅಂದ್ರೆ ಹಳೇ ಇಥರ್‌ನೆಟ್‌ನ ಆ ಒಂದೇ ಬಾವಿ. ಫೋನ್, ಟಿವಿ, ಪಕ್ಕದ ಮನೆ ರೂಟರ್, ಎಲ್ಲ ಸರದಿ ಕಾಯಬೇಕು. ಅದಕ್ಕೇ ಆನ್‌ಲೈನ್ ಪರೀಕ್ಷೆ, ದೊಡ್ಡ ಅಪ್‌ಲೋಡ್ ಇದ್ದಾಗ ಸಾಧ್ಯವಾದ್ರೆ ಕೇಬಲ್ ಹಾಕಿ ಅನ್ನೋದು. ಕೇಬಲ್ ಅಂದ್ರೆ ಸ್ವಂತ ನಲ್ಲಿ. ಆದ್ರೆ ಆ ನಲ್ಲಿಯ ಎರಡೂ ತುದಿ ಒಂದೇ ಮಾತಿಗೆ ಒಪ್ಪಿರಬೇಕು.

ನಾನು ಕಲಿತಿದ್ದು ಇಷ್ಟೇ. ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್ ಅನ್ನೋದು ನೋಡೋಕೆ ನಮ್ಮ ಕಂಪ್ಯೂಟರ್‌ನ ಸೆಟ್ಟಿಂಗ್ ಥರ ಕಾಣುತ್ತೆ. ನಿಜವಾಗಿ ಅದು ಇಬ್ಬರ ನಡುವಿನ ಒಪ್ಪಂದ. ಇನ್ನೊಬ್ಬರ ಒಪ್ಪಿಗೆ ಕೇಳದೇ ‘ಫುಲ್’ ಅಂತ ನಾವೊಬ್ಬರೇ ಬರೆದ್ರೆ, ಆ ಕಡೆಯವರು ಪಾಪ, ಸುಮ್ಮನೆ ಅರ್ಧಕ್ಕೆ ಇಳೀತಾರೆ.

ಹೊಸ ಕಾರ್ಡ್ ಹಾಕಿದ ದಿನ ಬ್ರೌಸರ್ ತೆರೀತು ಅಂತ ಎದ್ದು ಬರಬೇಡಿ. ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ, ಒಂದು ಡೌನ್‌ಲೋಡ್ ಮಾಡಿ, ಎರಡೂ ಸರಿ ಇದ್ರೆ ಆಮೇಲೆ ಚಹಾ ಕುಡೀರಿ. ನಾನು ಅವತ್ತು ಆ ಎರಡು ನಿಮಿಷ ಕೂತಿದ್ರೆ ಆ ಹುಡುಗನಿಗೆ ಒಂದು ವರ್ಷದ ಬಸ್ ಓಡಾಟ ತಪ್ತಿತ್ತು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ, ನಿಮ್ಮ ಮನೆ ಪಿಸಿಯ ಆ ಒಂದು ಸಾಲು ತೆರೆದು ನೋಡಿ. ನಮಸ್ಕಾರ.